ಮನೆಯಿಲ್ಲದ ನಾಯಿಯೂ ನಮ್ಮ ಕರ್ತವ್ಯವೂ

ನಮ್ಮ ಶಾಲೆಯಲ್ಲಿ ಓದಿದ ಪ್ರತಿಯೊಬ್ಬ ಹುಡುಗಿಯೂ ಒಮ್ಮೆಯಾದರೂ ನಾಯಿಯನ್ನು ಕುರಿತು ನಿಬಂಧ ಬರೆದಿರುವಳು. ನಾಯಿಗೆ ನಾಲ್ಕು ಕಾಲುಗಳೂ ಒಂದು ಬಾಲವೂ ಉಂಟು, ಅದು ನಂಬಿಗಸ್ತ ಪ್ರಾಣಿಯು, ಅದು ರಾತ್ರಿಯಲ್ಲಿ ಮನೆಯನ್ನು ಕಾಯುವದು ಎಂದು ಹತ್ತು ಸಾಲು ಬರೆದು, ಹತ್ತಕ್ಕೆ ಏಳು ಅಂಕ ಪಡೆದು, ಆ ವಿಷಯವನ್ನು ಅಲ್ಲಿಗೇ ಬಿಟ್ಟವರು ಬಹಳ ಮಂದಿ. ನಾಯಿಯು ಮನೆಯನ್ನು ಕಾಯುವದೆಂಬದು ನಿಜವೇ. ಆದರೆ ಕಾಯುವದಕ್ಕೆ ಮನೆಯೇ ಇಲ್ಲದ ನಾಯಿಯ ಗತಿಯೇನೆಂಬ ಪ್ರಶ್ನೆಯು ಆ ಹತ್ತು ಸಾಲುಗಳಲ್ಲಿ ಎಲ್ಲಿಯೂ ಬರುವದಿಲ್ಲ. ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಓದುವ ಈ ಸಂಚಿಕೆಯಲ್ಲಿ ಆ ಹನ್ನೊಂದನೆಯ ಸಾಲನ್ನು ಬರೆಯಬೇಕೆಂದು ನಾವು ಮನಸ್ಸು ಮಾಡಿರುವೆವು. ಅದಕ್ಕೆ ಕಾರಣವೂ ಉಂಟು. ದೇವರಗುಡ್ಡದ ಸಮೀಪದ ಒಂದು ತೋಟದ ಮನೆಯಲ್ಲಿ ಕೆಂಚಿ ಎಂಬ ಹೆಣ್ಣುನಾಯಿಯೊಂದು ಒಳ್ಳೆಯ ಮನೆಗಾಗಿ ಕಾದಿರುತ್ತದೆ. ಅದರ ಸಂಗತಿಯನ್ನು ಮುಂದೆ ಹೇಳುವೆವು. ಮೊದಲು ಪಾಠ ನಡೆಯಲಿ.

ದೇವರಗುಡ್ಡವನ್ನು ನಮ್ಮ ಓದುಗರಿಗೆ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಬ್ಯಾಡಗಿಗೂ ರಾಣೇಬೆನ್ನೂರಿಗೂ ನಡುವೆ ಆ ಹೆಸರಿನ ರೈಲು ನಿಲ್ದಾಣವುಂಟು. ಹಳಬರು ಊರನ್ನು ಗುಡ್ಡದ ಗುಡ್ಡಾಪುರವೆಂದು ಕರೆಯುವರು. ಗುಡ್ಡದ ಮೇಲಿನ ಮಾಲತೇಶನ ಗುಡಿಗೆ ದಸರೆಯ ಕಾಲದಲ್ಲಿ ಜನಸಾಗರವೇ ಹರಿದು ಬರುವದು. ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ಒಂದೇ ಮಾತಿನಲ್ಲಿ ಕಾರಣಿಕವನ್ನು ನುಡಿಯುವದನ್ನೂ, ಮಳೆ ಬೆಳೆಗಳಿಂದ ಹಿಡಿದು ರಾಜಕಾರಣದ ವರೆಗೆ ಜನರು ಅದಕ್ಕೆ ಅರ್ಥ ಹಚ್ಚುವದನ್ನೂ ನಮ್ಮ ಹುಡುಗಿಯರು ಚಿಕ್ಕಂದಿನಿಂದ ಕಂಡವರೇ. ಆದರೆ ನಮ್ಮ ಇಂದಿನ ವಿಷಯಕ್ಕೆ ಸಂಬಂಧಪಟ್ಟದ್ದು ಕಾರಣಿಕವಲ್ಲ, ದೋಣಿಯ ಸೇವೆ.

ಕಪ್ಪು ಕಂಬಳಿಯ ಅಂಗಿ, ಕೈಯಲ್ಲಿ ಡಮರು, ಹಣೆಯ ತುಂಬ ಭಂಡಾರ, ಹೀಗೆ ಗೊರವರು ಸಾಲಾಗಿ ಬರುವರು. ಭಕ್ತರು ದೋಣಿಯೆಂಬ ಪಾತ್ರೆಗಳಲ್ಲಿ ಹಾಲು, ಬಾಳೆಹಣ್ಣು, ಸಕ್ಕರೆ, ತುಪ್ಪಗಳನ್ನು ಹಾಕಿ ಮುಂದಿಡುವರು. ಆಗ ಗೊರವರು ಕೈ ಹಚ್ಚದೆ, ನಾಯಿಗಳಂತೆ ಬೊಗಳುತ್ತ, ಒಬ್ಬರನ್ನೊಬ್ಬರು ಗುರುಗುಟ್ಟಿ ನೂಕುತ್ತ, ಬಾಯಿಂದಲೇ ಅದನ್ನು ತಿನ್ನುವರು. ಮಣಿ ಮಲ್ಲರೆಂಬ ರಾಕ್ಷಸರನ್ನು ಸಂಹರಿಸಲು ಮೈಲಾರಲಿಂಗನು ಏಳು ಕೋಟಿ ಪರಿವಾರದ ಸಂಗಡ ಬಂದನೆಂದೂ, ಆ ಪರಿವಾರದಲ್ಲಿ ನಾಯಿಗಳೂ ಇದ್ದವೆಂದೂ ಕಥೆ ಹೇಳುವರು. ಜೆಜೂರಿಯ ಖಂಡೋಬನೂ ಈ ಮೈಲಾರನೂ ಒಂದೇ ದೇವರೆಂದು ಎಣಿಸುವರು. ಅಲ್ಲಿಯೂ ವಾಘ್ಯಾ ಎಂಬ ಭಕ್ತರು ತಮ್ಮನ್ನು ದೇವರ ನಾಯಿಗಳೆಂದೇ ಕರೆದುಕೊಳ್ಳುವರು. ಕುರಿ ಕಾಯುವ ಹಾಲುಮತದವರು ಬಹಳವಾಗಿ ನಡೆದುಕೊಳ್ಳುವ ದೇವರಿಗೆ ನಾಯಿಯು ಒಡನಾಡಿಯಾದದ್ದು ಆಶ್ಚರ್ಯವಲ್ಲ. ಬಯಲಿನಲ್ಲಿ ಹಟ್ಟಿ ಹಾಕಿ ಮಲಗುವ ಕುರುಬನಿಗೆ ತೋಳ ಬಂತೆಂಬ ಸುದ್ದಿಯನ್ನು ಮೊದಲು ತಿಳಿಸುವದು ಅವನ ನಾಯಿಯಲ್ಲವೇ?

ನಮ್ಮ ವಿಶ್ವಾಸವು ಬೇರೆ, ನಾವು ಆ ಸೇವೆಯಲ್ಲಿ ಪಾಲುಗಾರರಲ್ಲ. ಆದರೂ ಮನುಷ್ಯನು ದೇವರ ಮುಂದೆ ತನ್ನನ್ನು ತಗ್ಗಿಸಿಕೊಳ್ಳುವದಕ್ಕೆ ನಾಯಿಯ ರೂಪವನ್ನು ಆರಿಸಿಕೊಂಡನೆಂಬದು ವಿಚಾರಿಸತಕ್ಕ ಸಂಗತಿ. ನಮ್ಮ ಸುವಾರ್ತೆಗಳಲ್ಲಿಯೂ ಕಾನಾನ್ಯಳಾದ ತಾಯಿಯೊಬ್ಬಳು ತನ್ನ ಮಗಳ ಸಲುವಾಗಿ ಬೇಡುವಾಗ, ಯಜಮಾನನ ಮೇಜಿನ ಕೆಳಗಿನ ರೊಟ್ಟಿಯ ಚೂರುಗಳನ್ನೂ ಅವನ್ನು ತಿನ್ನುವ ನಾಯಿಮರಿಗಳನ್ನೂ ಎತ್ತಿ ಮಾತಾಡಿ ತನ್ನ ವಾದವನ್ನು ಗೆದ್ದಳು. ಐಶ್ವರ್ಯವಂತನ ಬಾಗಿಲಲ್ಲಿ ಬಿದ್ದಿದ್ದ ಲಾಜರನ ಹತ್ತಿರ ಬಂದವು ನಾಯಿಗಳು ಮಾತ್ರ. ಇನ್ನು ಮಹಾಭಾರತದಲ್ಲಿ ಧರ್ಮರಾಯನು ತನ್ನ ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದದ್ದು ಮೂರನೆಯ ಇಯತ್ತೆಯ ಮಗುವಿಗೂ ಗೊತ್ತು. ಹೀಗೆ ಎಲ್ಲ ಪುಸ್ತಕಗಳಲ್ಲಿಯೂ ಒಳ್ಳೆಯ ಸ್ಥಾನವನ್ನು ಪಡೆದ ಪ್ರಾಣಿಯು, ಜಾತ್ರೆಯ ದಿನ ಅದೇ ಗುಡ್ಡದ ಮೆಟ್ಟಲುಗಳ ಮೇಲೆ ಕಲ್ಲೇಟು ತಿಂದು ಕುಂಟುತ್ತ ಇಳಿಯುವದನ್ನೂ ನಾವು ನೋಡಿರುವೆವು.

ಕನ್ನಡ ನಾಡಿನ ಇತಿಹಾಸದಲ್ಲಿ ಒಂದು ನಾಯಿಯ ಹೆಸರು ಕಲ್ಲಿನ ಮೇಲೆ ಉಳಿದಿದೆ. ಇದನ್ನು ನಮ್ಮ ಹುಡುಗಿಯರು ಇತಿಹಾಸದ ಪಾಠದಲ್ಲಿ ಓದುವದಿಲ್ಲವಾದದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವದು ಯೋಗ್ಯವು. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನಲ್ಲಿ ಆತಕೂರೆಂಬ ಊರುಂಟು. ಕ್ರಿ. ಶ. 949ರ ಸುಮಾರಿಗೆ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲವೆಂಬಲ್ಲಿ ದೊಡ್ಡ ಯುದ್ಧವಾಯಿತು. ಆ ಯುದ್ಧದಲ್ಲಿ ಕೃಷ್ಣನ ಪಕ್ಷದ ಗಂಗ ದೊರೆ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ಸೇವಕನಾದ ಮಣಲೇರನು ಅಲ್ಲಿ ಬಹು ಶೌರ್ಯದಿಂದ ಹೋರಾಡಿದನು. ದೊರೆಯು ಮೆಚ್ಚಿ, ಬೇಕಾದ್ದನ್ನು ಬೇಡಿಕೊಳ್ಳೆಂದಾಗ, ಮಣಲೇರನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ದೊರೆಯ ಕಾಳಿ ಎಂಬ ನಾಯಿಯನ್ನು ಬೇಡಿದನು. ದೊರೆಯು ಕೊಟ್ಟನು. ಮುಂದೆ ಬೇಟೆಯಲ್ಲಿ ಆ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ, ನಾಯಿಯೂ ಹಂದಿಯೂ ಹೋರಾಡಿ ಎರಡೂ ಸತ್ತವು. ಮಣಲೇರನು ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿಯನ್ನು ಬಿಟ್ಟನು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಕಟ್ಟಳೆ ಮಾಡಿದನು. ನಾಯಿಯೂ ಹಂದಿಯೂ ಕಾದಾಡುವ ಚಿತ್ರವಿರುವ ಆ ಕಲ್ಲನ್ನು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಇಟ್ಟಿರುವರು.

ಇದರಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. ಒಂದು, ಗೊರವನೆಂಬ ಶಬ್ದ. ಆಗ ಅದು ಶೈವ ಅರ್ಚಕನಿಗೆ ಇದ್ದ ಹೆಸರು; ಸಾವಿರ ವರುಷಗಳ ಮೇಲೆ ದೇವರಗುಡ್ಡದಲ್ಲಿ ಅದೇ ಹೆಸರಿನವರು ನಾಯಿಗಳಾಗಿ ಬೊಗಳುವರು. ಇದು ಬರಿಯ ಕಾಕತಾಳೀಯವಾಗಿರಬಹುದು. ಆದರೂ ನಮಗೆ ಇದು ಬಹಳ ಸೊಗಸಾಗಿ ಕಂಡಿದೆ. ಎರಡನೆಯದು, ಕಾಳಿಯು ಮಣಲೇರನ ಮನೆಯಲ್ಲಿ ಹುಟ್ಟಿದ ನಾಯಿಯಲ್ಲ. ಅದು ಬೆಳೆದದ್ದು ಒಂದು ಕಡೆ, ಹೋದದ್ದು ಇನ್ನೊಂದು ಕಡೆ. ಬೆಳೆದ ನಾಯಿಯು ಹೊಸ ಯಜಮಾನನಿಗೆ ಒಗ್ಗುವದಿಲ್ಲ, ತಂದರೆ ಕಣ್ಣು ತೆರೆಯದ ಮರಿಯನ್ನೇ ತರಬೇಕು ಎಂದು ನಮ್ಮ ಕಡೆಯಲ್ಲಿ ಹೇಳುವವರಿಗೆ ಈ ಕಲ್ಲೇ ಉತ್ತರ ಕೊಡುವದು.

ಜಾತಿಯ ನಾಯಿಯ ಹೆಮ್ಮೆಯನ್ನೂ ಇಲ್ಲಿ ಹೇಳಿಬಿಡೋಣ. ಮುಧೋಳದ ಬೇಟೆನಾಯಿಯು ನಮ್ಮ ಉತ್ತರ ಕರ್ನಾಟಕದ್ದು. ಅಲ್ಲಿಯ ಘೋರ್ಪಡೆ ಸಂಸ್ಥಾನಿಕರು ಆ ತಳಿಯನ್ನು ಪೋಷಿಸಿದರು; ಐದನೆಯ ಜಾರ್ಜ ದೊರೆಗೆ ಒಂದು ಜೊತೆಯನ್ನು ಕಾಣಿಕೆಯಾಗಿ ಕೊಟ್ಟರು. 2005ರಲ್ಲಿ ಭಾರತದ ಅಂಚೆ ಇಲಾಖೆಯು ಅದರ ಚಿತ್ರದ ತಿಕೀಟನ್ನು ಹೊರಡಿಸಿತು. 2016ರಲ್ಲಿ ಮರಿಗಳು ಮೀರತದ ಸೈನ್ಯದ ಕೇಂದ್ರಕ್ಕೆ ತರಬೇತಿಗಾಗಿ ಹೋದವು. ಇದೆಲ್ಲ ಸಂತೋಷದ ಮಾತೇ. ಆದರೆ ಮುಧೋಳದ ನಾಯಿಗಾಗಿ ಸಾವಿರಗಟ್ಟಲೆ ರೂಪಾಯಿ ತೆರುವ ಗೃಹಸ್ಥರೇ ಬಾಗಿಲ ಮುಂದಿನ ನಾಯಿಯನ್ನು ಕಂತ್ರಿ ಎಂದು ಹಳಿಯುವರು. ಈ ಕಂತ್ರಿ ಎಂಬದು ಇಂಗ್ಲಿಷರು ದೇಶದ್ದು ಎಂಬರ್ಥದಲ್ಲಿ ಆಡಿದ ಮಾತಿನಿಂದ ಬಂದದ್ದೆಂದು ತಿಳಿದವರು ಹೇಳುವರು. ನಮ್ಮ ನಾಡಿನದೆಂಬ ಶಬ್ದವೇ ನಮ್ಮ ಬಾಯಲ್ಲಿ ಬೈಗಳಾಗಿರುವದು ವಿಚಿತ್ರವಲ್ಲವೇ? ನಮ್ಮ ಬಿಸಿಲನ್ನೂ ಜೋಳದ ರೊಟ್ಟಿಯನ್ನೂ ತಾಳಿಕೊಂಡು, ಸಣ್ಣ ಕೂದಲಿನಿಂದ ಮೈಯನ್ನು ತಂಪಾಗಿಟ್ಟುಕೊಂಡು, ಔಷಧವಿಲ್ಲದೆ ಬದುಕುವದಕ್ಕೆ ಆ ನಾಯಿಯಷ್ಟು ಯೋಗ್ಯವಾದದ್ದು ಇನ್ನೊಂದಿಲ್ಲ. ಹಿಮದ ದೇಶದ ದಟ್ಟ ತುಪ್ಪಟದ ನಾಯಿಯನ್ನು ತಂದು ರಾಣೇಬೆನ್ನೂರಿನ ಏಪ್ರಿಲ್ ತಿಂಗಳಲ್ಲಿ ಪತ್ರಾಸಿನ ಮಾಡಿನ ಕೆಳಗೆ ಕಟ್ಟುವದು ನಮ್ಮ ಅಭಿಪ್ರಾಯದಲ್ಲಿ ಹಿಂಸೆಯೇ.

ಈಗ ಕೆಂಚಿಯ ಸಂಗತಿ. ದಸರೆಯ ಜಾತ್ರೆಗೆ ಬರುವ ಬಂಡಿ, ಟ್ರ್ಯಾಕ್ಟರುಗಳ ಹಿಂದೆ ನಾಯಿಗಳೂ ಓಡಿ ಬರುವವು. ಜಾತ್ರೆ ತೀರಿದ ಮೇಲೆ ಜನರು ಹೋಗುವರು; ಕೆಲವು ನಾಯಿಗಳು ಉಳಿಯುವವು. ಹೀಗೆ ಉಳಿದ ಈ ಕೆಂಪು ಬಣ್ಣದ, ಎದೆಯ ಮೇಲೆ ಬಿಳಿಯ ಮಚ್ಚೆಯುಳ್ಳ ನಾಯಿಯು, ಕೊರಳಲ್ಲಿ ಹರಿದ ಹಗ್ಗದ ತುಂಡಿನೊಡನೆ, ದೇವರಗುಡ್ಡದಿಂದ ಬರುವ ನಮ್ಮ ಹುಡುಗಿಯರ ಹಿಂದೆ ಶಾಲೆಗೆ ಬಂದಿತು. ಕೊರಳಲ್ಲಿ ಹಗ್ಗವಿದ್ದದರಿಂದ ಒಂದು ಕಾಲದಲ್ಲಿ ಅದಕ್ಕೆ ಮನೆಯಿತ್ತೆಂಬದು ಸ್ಪಷ್ಟ. ಪಶುವೈದ್ಯರು ಹಲ್ಲು ನೋಡಿ ಎರಡು ವರುಷದ್ದಿರಬಹುದೆಂದರು. ಅದಕ್ಕೆ ಜನರನ್ನು ಕಂಡರೆ ಆದ ಹರ್ಷವು ಹೇಳತೀರದು. ಬಾಲವನ್ನಷ್ಟೇ ಅಲ್ಲ, ಸೊಂಟದಿಂದ ಹಿಂದಿನ ಇಡೀ ಶರೀರವನ್ನೇ ಅಲ್ಲಾಡಿಸುವದು. ಚೆಂಡು, ಚಪ್ಪಲಿ, ಕಸಬರಿಗೆ, ಯಾವದಾದರೂ ಸರಿ, ಎಸೆದರೆ ತರುವದು. ಎಸೆಯದಿದ್ದರೆ ತಾನೇ ಎತ್ತಿಕೊಂಡು ಓಡುವದು. ಒಂದು ದಿನ ಪ್ರಾರ್ಥನೆಯ ಗಂಟೆಯಾದಾಗ ಐದನೆಯ ಇಯತ್ತೆಯ ಸಣ್ಣ ಹುಡುಗಿಯ ಭುಜದ ಮೇಲೆ ಎರಡು ಕಾಲಿಟ್ಟು ಅವಳನ್ನು ಕೆಡವಿತು. ಕಚ್ಚಲಿಲ್ಲ, ಪರಚಲಿಲ್ಲ, ಮುಖವನ್ನು ನೆಕ್ಕಿತು. ಆದರೆ ಬಿದ್ದ ಮಗುವಿಗೂ ಅದರ ತಾಯಿಗೂ ಈ ಭೇದವನ್ನು ತಿಳಿಸುವದು ಸುಲಭವಲ್ಲ. ತಾಯಿಯ ಭಯವು ನ್ಯಾಯವಾದದ್ದೇ ಎಂದು ನಾವು ಹೇಳುವೆವು.

ಅಷ್ಟರಲ್ಲಿ ರಾಜಾಜ್ಞೆಯೂ ಬಂದಿತು. 2025ರ ನವೆಂಬರ್ 7ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು, ಶಾಲೆ, ಆಸ್ಪತ್ರೆ, ಬಸ್ಸು ನಿಲ್ದಾಣ, ರೈಲು ನಿಲ್ದಾಣ, ಆಟದ ಬಯಲುಗಳಿಗೆ ಬೇಲಿ ಹಾಕಿಸಿ, ಅಲ್ಲಿರುವ ಬೀದಿನಾಯಿಗಳನ್ನು ತೆಗೆದು, ಸಂತಾನಹರಣ ಚಿಕಿತ್ಸೆ ಮಾಡಿಸಿ, ರೇಬೀಸಿನ ಲಸಿಕೆ ಹಾಕಿಸಿ ಆಶ್ರಯಗಳಲ್ಲಿ ಇಡತಕ್ಕದ್ದೆಂದೂ, ಅವನ್ನು ಅದೇ ಸ್ಥಳಕ್ಕೆ ತಿರುಗಿ ಬಿಡಕೂಡದೆಂದೂ ಆದೇಶವಿತ್ತಿತು. ಅದಕ್ಕೆ ಮೊದಲು, ಆ ವರುಷದ ಆಗಸ್ಟ್ 22ರಂದು, ಬೀದಿನಾಯಿಯನ್ನು ದತ್ತು ತಕ್ಕೊಳ್ಳಲಿಚ್ಛಿಸುವವರು ನಗರಸಭೆಗೆ ಅರ್ಜಿ ಮಾಡಿಕೊಳ್ಳಬಹುದೆಂದೂ, ಹಾಗೆ ತಕ್ಕೊಂಡ ನಾಯಿಯು ಪುನಃ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದೇ ಎಂದೂ ಅದೇ ನ್ಯಾಯಾಲಯವು ಹೇಳಿತ್ತು. ಈ ಆದೇಶಗಳ ವಿಷಯವಾಗಿ ದೇಶದಲ್ಲಿ ಬಹಳ ವಾದವಾಯಿತು. ಪ್ರಾಣಿದಯೆಯವರು ಒಂದು ಹೇಳಿದರು, ಮಕ್ಕಳನ್ನು ಕಳಕೊಂಡ ತಂದೆತಾಯಿಗಳು ಇನ್ನೊಂದು ಹೇಳಿದರು. ಆ ವಾದವನ್ನು ಇಲ್ಲಿ ತೀರಿಸುವದು ನಮ್ಮ ಕೆಲಸವಲ್ಲ. ಆದರೆ ಶಾಲೆಯ ಸುತ್ತ ನಾಯಿಗಳು ಯಾಕೆ ಕೂಡುವವೆಂಬದನ್ನು ಮಾತ್ರ ಹೇಳುವೆವು: ಬಿಸಿಯೂಟದ ಉಳಿದ ಅನ್ನವನ್ನು ಗೋಡೆಯ ಆಚೆಗೆ ಚೆಲ್ಲುವದರಿಂದ. ಎಲ್ಲಿ ಎಂಜಲೋ ಅಲ್ಲಿ ನಾಯಿ. ಈಗ ಆ ಉಳಿದದ್ದು ಮುಚ್ಚಿದ ಗುಂಡಿಗೆ ಹೋಗಿ ಗೊಬ್ಬರವಾಗುತ್ತದೆ. ಹೊರಗಿನ ಗುಂಪು ತಾನಾಗಿ ಕರಗಿದೆ.

ಕೆಂಚಿಯನ್ನು ಮಾತ್ರ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ದೇವರಗುಡ್ಡದ ಸಮೀಪದ ತನ್ನ ಹೊಲದ ಮನೆಗೆ ಕರಕೊಂಡು ಹೋದಳು. ಅವಳು ಯಾವ ಸಂಸ್ಥೆಯನ್ನೂ ನಡಿಸುವವಳಲ್ಲ. ದನದ ಕೊಟ್ಟಿಗೆಯ ಒಂದು ಪಾಲಿಗೆ ತಂತಿಯ ಬಲೆ ಹಾಕಿ, ರಸ್ತೆಯಲ್ಲಿ ಪೆಟ್ಟು ತಿಂದವು, ಬಿಟ್ಟುಹೋದವು, ಹೀಗೆ ನಾಲ್ಕು ನಾಯಿಗಳನ್ನು ಮೊದಲೇ ಇಟ್ಟುಕೊಂಡವಳು. ಐದನೆಯದಕ್ಕೆ ಅವಳಲ್ಲಿ ಪ್ರೀತಿಯುಂಟು, ಸ್ಥಳವಿಲ್ಲ. ಮಿಕ್ಕ ನಾಲ್ಕು ಮುದಿಯವು, ಶಾಂತವಾದವು. ಅವುಗಳಿಗೆ ಕೆಂಚಿಯ ಆಟವು ಉಪದ್ರವವಾಗಿದೆ. ನಾವು ನೋಡಲು ಹೋದಾಗ ಅವಳು, "ಅಕ್ಕೋರೇ, ಇದಕ್ಕ ಸಿಟ್ಟಂಬೋದೂ ಗೊತ್ತಿಲ್ಲ, ಸುಮ್ಮನ ಕುಂದ್ರೂದೂ ಗೊತ್ತಿಲ್ಲ" ಎಂದಳು. ಇಷ್ಟು ಸರಿಯಾದ ಗುಣಪತ್ರವನ್ನು ನಾವೂ ಬರೆಯಲಾರೆವು.

ಹಾಗಾದರೆ ಹೊಲದಲ್ಲಿ ಬಿಟ್ಟುಬಿಡಬಾರದೇ, ಹೇಗಾದರೂ ಬದುಕೀತು, ಎಂದು ಒಬ್ಬ ಪಾಲಕರು ಕೇಳಿದರು. ಬಿಡಬಾರದು. ರಾಣೇಬೆನ್ನೂರಿನ ಕೃಷ್ಣಮೃಗಗಳ ಅಭಯಾರಣ್ಯವು ನಮ್ಮ ತಾಲೂಕಿನ ಒಡವೆ. 1974ರಲ್ಲಿ ಸ್ಥಾಪಿತವಾದ 119 ಚದರ ಕಿಲೋಮೀಟರಿನ ಪ್ರದೇಶವದು. ಬಯಲುಸೀಮೆಯ ಇಂಥ ಕಾಡುಗಳಲ್ಲಿ ಹಿಂಡುಗಟ್ಟಿದ ನಾಯಿಗಳು ಹುಲ್ಲೆಯ ಮರಿಗಳಿಗೆ ತೋಳಕ್ಕಿಂತ ಕ್ರೂರ ವೈರಿಗಳು. ತೋಳವು ಹಸಿದಾಗ ಬೇಟೆಯಾಡುವದು. ನಾಯಿಯು ಓಡುವದನ್ನು ಕಂಡಾಗಲೆಲ್ಲ ಬೆನ್ನಟ್ಟುವದು. ಎಸೆದದ್ದನ್ನು ಹಿಡಿಯಲು ಓಡುವ ಕೆಂಚಿಯು ಕುರಿಯ ಮರಿಯನ್ನೂ ಆಟವೆಂದೇ ಬೆನ್ನಟ್ಟೀತು, ಕುರುಬನ ಕೋಲಿಗೆ ಅದು ಆಟವಾಗಿ ಕಾಣದು. ಹೆದ್ದಾರಿಯ ಲಾರಿಗಳ ಮಾತಂತೂ ಬೇಡ. ಅಲ್ಲದೆ ಸಾಕಿದ ಪ್ರಾಣಿಯನ್ನು ಹಸಿವೆಯಿಂದ ನರಳುವಂತೆ ತೊರೆಯುವದು 1960ರ ಪ್ರಾಣಿಹಿಂಸೆಯ ನಿವಾರಣೆಯ ಕಾಯಿದೆಯ ಪ್ರಕಾರ ಅಪರಾಧವು. ಅದರ ಮೊದಲ ದಂಡವನ್ನು ಹತ್ತರಿಂದ ಐವತ್ತು ರೂಪಾಯಿಯೆಂದು ಬರೆದರು. ಒಂದು ಕೊರಳಪಟ್ಟಿಯ ಕ್ರಯವೂ ಅದಕ್ಕಿಂತ ಹೆಚ್ಚು. ಆದದರಿಂದ ಕಾಯಿದೆಯ ಭಯವೊಂದರಿಂದಲೇ ಈ ಕೆಟ್ಟ ರೂಢಿಯು ನಿಲ್ಲುವದೆಂದು ನಂಬಲಾಗದು.

ಇಂಥ ನಾಯಿಗಳಿಗೆ ಆಶ್ರಯ ಕಟ್ಟುವ ಕೆಲಸವನ್ನು ಮೊದಲು ಕೈಕೊಂಡವರಲ್ಲಿ ಸ್ತ್ರೀಯರೇ ಮುಂದಾದರೆಂಬದನ್ನು ನಮ್ಮ ಹುಡುಗಿಯರು ತಿಳಿಯತಕ್ಕದ್ದು. 1860ರಲ್ಲಿ ಲಂಡನ್ ಪಟ್ಟಣದ ಹೊಲೊವೇ ಎಂಬ ಭಾಗದಲ್ಲಿ ಮೇರಿ ಟೀಲ್ಬಿ ಎಂಬ ಬಾಯಿಯವರು ಕಳೆದುಹೋದ ಮತ್ತು ಹಸಿದ ನಾಯಿಗಳಿಗಾಗಿ ಒಂದು ಮನೆ ತೆರೆದರು. ಮನುಷ್ಯರೇ ಹಸಿದಿರುವಾಗ ನಾಯಿಗಳಿಗೆ ಮನೆಯೇ ಎಂದು ದೊಡ್ಡ ದೊಡ್ಡ ಪತ್ರಿಕೆಗಳು ನಕ್ಕವು. ಎರಡು ವರುಷಗಳ ಮೇಲೆ ಡಿಕನ್ಸರು ನಡಿಸುತ್ತಿದ್ದ ವಾರಪತ್ರಿಕೆಯಲ್ಲಿ ಒಂದು ಲೇಖನ ಬಂದಿತು. ಒಂದು ಕಡೆ ರೇಶಿಮೆಯ ಹಾಸಿಗೆಯ ಬಹುಮಾನದ ನಾಯಿಗಳ ಪ್ರದರ್ಶನ, ಸಮೀಪದಲ್ಲಿಯೇ ಈ ಬಡ ನಾಯಿಗಳ ಮನೆ, ಎರಡನ್ನೂ ಹೋಲಿಸಿ ಬರೆದದ್ದು. ಜನರ ಮನಸ್ಸು ತಿರುಗಿತು. ಟೀಲ್ಬಿಯವರು 1865ರಲ್ಲಿ ತೀರಿಕೊಂಡರು. 1871ರಲ್ಲಿ ಆ ಮನೆಯು ಬ್ಯಾಟರ್‌ಸೀ ಎಂಬಲ್ಲಿಗೆ ಹೋಯಿತು, ಆ ಹೆಸರಿನಿಂದಲೇ ಲೋಕಪ್ರಸಿದ್ಧವಾಯಿತು. ನಮ್ಮ ರಾಜ್ಯದಲ್ಲಿ 1991ರಲ್ಲಿ ಬೆಂಗಳೂರಿನಲ್ಲಿ ಕ್ಯೂಪಾ ಎಂಬ ಸಂಸ್ಥೆಯನ್ನು ಸ್ಥಾಪಿಸಿದ ಕ್ರಿಸ್ಟಲ್ ರೋಜರ್ಸರು ಆಗ ಎಂಬತ್ತನ್ನು ದಾಟಿದ ವೃದ್ಧೆ. ದಿಲ್ಲಿಯಲ್ಲಿಯೂ ಜಯಪುರದಲ್ಲಿಯೂ ಇಂಥ ಕೆಲಸ ಮಾಡಿ ಬಂದವರು. ಭಾರತದ ಪ್ರಾಣಿಕಲ್ಯಾಣ ಮಂಡಳಿಯ ಮೊದಲನೆಯ ಅಧ್ಯಕ್ಷೆಯೂ ನೃತ್ಯಕಲೆಯ ರುಕ್ಮಿಣೀದೇವಿ ಅರುಂಡೇಲರು.

ಸ್ತ್ರೀಯರ ಮಾತು ಬಂದಾಗ ಇನ್ನೊಂದು ವಿಷಯವನ್ನು ಮುಚ್ಚಿಡದೆ ಹೇಳಬೇಕಾಗಿದೆ. ಕೆಂಚಿಯನ್ನು ನೋಡಲು ಬಂದ ಮೂರು ಕುಟುಂಬದವರು ಅದನ್ನು ಮೆಚ್ಚಿದರು, ಮೈ ತಡವಿದರು; ಹೆಣ್ಣೆಂದು ತಿಳಿದೊಡನೆ ಹಿಂದೆಗೆದರು. ಸಂತೆಯ ದಾರಿಯಲ್ಲಿ ಚೀಲದಲ್ಲಿ ಕಟ್ಟಿ ಬಿಸಾಡಿದ ಮರಿಗಳನ್ನು ನೋಡಿರಿ, ಹೆಚ್ಚಾಗಿ ಹೆಣ್ಣೇ. ಗಂಡು ಮರಿಯನ್ನು ಆರಿಸಿಕೊಂಡು ಹೆಣ್ಣನ್ನು ಬಿಸಾಡುವ ಕೈಗಳ ವಿಷಯದಲ್ಲಿ ಹೆಣ್ಣುಮಕ್ಕಳ ಶಾಲೆಯವರಾದ ನಾವು ಏನು ಹೇಳಬೇಕು? ಹೆಣ್ಣುನಾಯಿ ಈಯುವದೆಂಬ ಭಯಕ್ಕೆ ಉಪಾಯವುಂಟು. ಕೆಂಚಿಗೆ ಆ ಶಸ್ತ್ರಕ್ರಿಯೆ ಆಗಿದೆ, ಗಾಯ ಮಾದಿದೆ, ಗುರುತಿಗಾಗಿ ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಇದೆ. ಅದು ರೋಗವೂ ಅಲ್ಲ, ಕಚ್ಚಾಟದ ಗಾಯವೂ ಅಲ್ಲ.

ರೇಬೀಸಿನ ಲಸಿಕೆಯೂ ಆಗಿದೆ. ಈ ರೋಗದ ವಿಷಯದಲ್ಲಿ ಪಾಲಕರಿಗೆ ಎಷ್ಟು ಹೇಳಿದರೂ ಸಾಲದು. ಫ್ರಾನ್ಸಿನ ಲೂಯಿ ಪಾಶ್ಚರರು 1885ರ ಜುಲೈ 6ರಂದು ಹುಚ್ಚುನಾಯಿ ಕಚ್ಚಿದ ಒಂಬತ್ತು ವರುಷದ ಜೋಸೆಫ್ ಮೈಸ್ಟರನಿಗೆ ತಮ್ಮ ಲಸಿಕೆ ಚುಚ್ಚಿಸಿ ಅವನನ್ನು ಉಳಿಸಿಕೊಂಡರು. ನಮ್ಮ ಹಿರಿಯರು ಹೊಟ್ಟೆಗೆ ಹದಿನಾಲ್ಕು ಸೂಜಿಗಳೆಂದು ಹೆದರುತ್ತಿದ್ದ ಹಳೆಯ ಔಷಧವು ಹೋಗಿ ಬಹು ಕಾಲವಾಯಿತು. ಈಗಿನ ಸೂಜಿ ತೋಳಿಗೆ. ಸರಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಕ್ರಮದಲ್ಲಿ ಕಚ್ಚಿದ ದಿನ, ಅದರ ಮೇಲೆ ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನ. ಯಾವ ನಾಯಿ ಕಚ್ಚಿದರೂ, ಪರಚಿದರೂ ಮೊದಲು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಗಡಿಯಾರ ನೋಡಿ ಹದಿನೈದು ನಿಮಿಷ ತೊಳೆಯಬೇಕು. ಅನಂತರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗಾಯವು ಆಳವಾಗಿದ್ದರೆ ಗಾಯದೊಳಕ್ಕೇ ಹಾಕುವ ಇನ್ನೊಂದು ಔಷಧವನ್ನೂ ವೈದ್ಯರು ಕೊಡುವರು. ಅರಿಸಿನ, ಸುಣ್ಣ, ಮೆಣಸಿನ ಪುಡಿ ಹಚ್ಚಬಾರದು. ಬ್ಯಾಡಗಿಯ ಮೆಣಸಿನಕಾಯಿಗೆ ಅಡಿಗೆಮನೆಯಲ್ಲಿ ಸ್ಥಾನವುಂಟು, ಗಾಯದ ಮೇಲಲ್ಲ. ರೋಗದ ಲಕ್ಷಣ ತೋರಿದ ಮೇಲೆ ಬದುಕಿದವರು ಇಲ್ಲವೆಂಬಷ್ಟು ವಿರಳ. ಮನುಷ್ಯರಿಗೆ ಬರುವ ಈ ರೋಗದಲ್ಲಿ ನೂರಕ್ಕೆ ತೊಂಬತ್ತೊಂಬತ್ತರ ವರೆಗೆ ನಾಯಿಯಿಂದಲೇ ಬರುವದೆಂದು ಜಾಗತಿಕ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಆದದರಿಂದ ಮನೆಯಿಲ್ಲದ ನಾಯಿಗೆ ಮನೆ ಸಿಕ್ಕು, ವರುಷಕ್ಕೊಮ್ಮೆ ಲಸಿಕೆಯಾದರೆ, ಅದರ ಲಾಭ ನಾಯಿಗೆ ಮಾತ್ರವಲ್ಲ, ಓಣಿಯ ಮಕ್ಕಳಿಗೆಲ್ಲ.

ಕೆಂಚಿಯಂಥ ಚಟುವಟಿಕೆಯ ನಾಯಿಯನ್ನು ಹೇಗೆ ಸಾಕಬೇಕು? ಅದರ ಚೇಷ್ಟೆಯು ದುಷ್ಟತನವಲ್ಲ, ಉಪಯೋಗಿಸದೆ ಉಳಿದ ಬಲ. ಬೆಳಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು ಹಗ್ಗ ಹಿಡಿದು ನಡೆಯಿಸಿ, ಸ್ವಲ್ಪ ಚೆಂಡಾಡಿಸಿದರೆ ಅದೇ ನಾಯಿಯು ಮಧ್ಯಾಹ್ನವೆಲ್ಲ ಹೊಸ್ತಿಲ ಬಳಿ ಮಲಗುವದು. ಇಡೀ ದಿನ ಎರಡು ಮೊಳದ ಸರಪಳಿಯಲ್ಲಿ ಕಟ್ಟಿದರೆ, ಆರು ತಿಂಗಳಲ್ಲಿ ಯಾವ ಸಾಧು ನಾಯಿಯಾದರೂ ಕಚ್ಚುವದನ್ನು ಕಲಿಯುವದು. ಅನಂತರ ಯಜಮಾನನು ನಾಯಿಯ ಜಾತಿಯನ್ನು ಬೈಯುವನು. ಮೈಮೇಲೆ ಹಾರುವ ನಾಯಿಯನ್ನು ಹೊಡೆಯಬಾರದು, ಕಿರಿಚಬಾರದು. ಬೆನ್ನು ತಿರುಗಿಸಿ ಸುಮ್ಮನೆ ನಿಲ್ಲಬೇಕು; ನಾಲ್ಕು ಕಾಲೂ ನೆಲದ ಮೇಲೆ ಬಂದ ಕ್ಷಣವೇ ಮಾತಾಡಿಸಿ, ಒಂದು ತುಣುಕು ರೊಟ್ಟಿ ಕೊಡಬೇಕು. ಮನೆಯವರೆಲ್ಲರೂ ಹೀಗೆಯೇ ನಡೆಯಬೇಕು, ಯಾಕಂದರೆ ತಂದೆ ಬೈದು ಮಗನು ಹಾರಿಸಿ ನಗುವ ಮನೆಯಲ್ಲಿ ನಾಯಿಯು ಏನನ್ನೂ ಕಲಿಯಲಾರದು. ಇದು ನಾಯಿಗೆ ಮಾತ್ರ ಸಲ್ಲುವ ಮಾತಲ್ಲವೆಂದು ಅಧ್ಯಾಪಿಕೆಯರು ಬಲ್ಲರು. ಹೀಗೆ ಮೂರು ವಾರ ಮಾಡಿದ್ದರಿಂದ ಕೆಂಚಿಯು ಈಗ ಹತ್ತರಲ್ಲಿ ಏಳು ಸಾರೆ ಹಾರುವದಿಲ್ಲ. ಮಿಕ್ಕ ಮೂರನ್ನು ಹೊಸ ಮನೆಯವರು ತಿದ್ದಿಕೊಳ್ಳಬೇಕು.

ಆಹಾರದಲ್ಲಿ ಕಷ್ಟವಿಲ್ಲ. ಜೋಳದ ರೊಟ್ಟಿ, ಅನ್ನ, ಬೇಯಿಸಿದ ತತ್ತಿ, ಮಾಂಸ ತಿನ್ನುವ ಮನೆಯಾದರೆ ಎಲುಬು ಬಿಟ್ಟು ಮಾಂಸ. ಉಪ್ಪು ಖಾರ ಬೇಡ. ಉಳ್ಳಾಗಡ್ಡಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟುಗಳು ನಾಯಿಗೆ ವಿಷವು. ಬೇಯಿಸಿದ ಎಲುಬು ಚೂರಾಗಿ ಕರುಳನ್ನು ಸೀಳುವದು. ಬೆಳೆದ ಕೆಲವು ನಾಯಿಗಳಿಗೆ ಹಾಲು ಜೀರ್ಣವಾಗದು. ಗೊರವಯ್ಯನ ದೋಣಿಯ ಹಾಲುಹಣ್ಣನ್ನು ಕಂಡು ಅದೇ ನಾಯಿಗೆ ತಕ್ಕ ಊಟವೆಂದು ಎಣಿಸಬಾರದು.

ಹೊಸ ಮನೆಗೆ ಬಂದ ನಾಯಿಯು ಮೊದಲ ಮೂರು ದಿನ ಮೂಲೆ ಹಿಡಿಯಬಹುದು, ಉಣ್ಣದಿರಬಹುದು. ಮೂರು ವಾರಗಳಲ್ಲಿ ಮನೆಯ ರೀತಿ ತಿಳಿಯುವದು. ಮೂರು ತಿಂಗಳಲ್ಲಿ ಮನೆ ತನ್ನದೆನ್ನುವದು. ಇದು ಆಶ್ರಯಗಳನ್ನು ನಡಿಸುವವರ ಲೆಕ್ಕ. ಮೊದಲ ವಾರದಲ್ಲಿಯೇ ನೆಂಟರನ್ನೆಲ್ಲ ಕರೆದು ತೋರಿಸುವದು ಒಳ್ಳೆಯದಲ್ಲ. ಉಣ್ಣುವ ನಾಯಿಯನ್ನೂ ಮಲಗಿದ ನಾಯಿಯನ್ನೂ ಮಕ್ಕಳು ಮುಟ್ಟಕೂಡದು. ಹತ್ತು ಹನ್ನೆರಡು ವರುಷ ಬದುಕುವ ಪ್ರಾಣಿಯು ಇದು. ಇಂದು ಏಳನೆಯ ಇಯತ್ತೆಯಲ್ಲಿರುವ ಮಗಳು ಮದುವೆಯಾಗಿ ಹೋಗುವ ದಿನಕ್ಕೂ ಅದು ಮನೆಯಲ್ಲಿರುವದು. ಆ ದಿನ ಅದನ್ನು ಯಾರು ನೋಡಿಕೊಳ್ಳುವರೆಂಬದನ್ನು ಈಗಲೇ ಮಾತಾಡಿಕೊಳ್ಳಿರಿ. ಮಗಳ ಹಟಕ್ಕಾಗಿ ನಾಯಿಯನ್ನು ತರುವ ತಂದೆತಾಯಿಗಳಿಗೆ ನಾವು ಕೆಂಚಿಯನ್ನು ಕೊಡಲಾರೆವು. ಹೊಲ ಕಾಯುವದಕ್ಕೆ ಒಂಟಿಯಾಗಿ ಕಟ್ಟಿಹಾಕುವವರಿಗೂ ಕೊಡಲಾರೆವು. ಇದು ಕಳ್ಳನನ್ನು ಕಂಡರೂ ಚೆಂಡನ್ನು ತಂದು ಅವನ ಮುಂದಿಡುವ ನಾಯಿ.

ಬೇಲಿಯುಳ್ಳ ಅಂಗಳ, ನಡೆಯಲು ಬೇಸರಿಸದ ಒಬ್ಬ ದೊಡ್ಡವರು, ಎಂಟು ಹತ್ತು ವರುಷ ಮೀರಿದ ಮಕ್ಕಳು, ಇಷ್ಟಿದ್ದರೆ ಸಾಕು. ಶನಿವಾರ ಮಧ್ಯಾಹ್ನ ಶಾಲೆಯ ಕಚೇರಿಗೆ ಬಂದರೆ ಯಾರಾದರೊಬ್ಬ ಅಧ್ಯಾಪಿಕೆಯು ಸಂಗಡ ಬಂದು ತೋಟದ ದಾರಿ ತೋರಿಸುವರು. ಮನೆಯವರೆಲ್ಲರೂ ಬರತಕ್ಕದ್ದು, ಅಜ್ಜಿಯವರೂ ಸಹ, ಯಾಕಂದರೆ ಮಧ್ಯಾಹ್ನ ಮನೆಯಲ್ಲಿ ನಾಯಿಯ ಸಂಗಡ ಇರುವವರು ಅವರೇ. ಎರಡು ಸಾರೆ ಬಂದು ನೋಡಿದ ಮೇಲೆ ಮೂರನೆಯ ಸಾರೆ ಕರಕೊಂಡು ಹೋಗಬಹುದು. ಲಸಿಕೆಯ 2 ಚೀಟಿಗಳನ್ನೂ, ಶಸ್ತ್ರಕ್ರಿಯೆಯ ಕಾಗದವನ್ನೂ, ಕೊರಳಪಟ್ಟಿಯನ್ನೂ, ಅದು ಮಲಗುವ ಹಳೆಯ ಕಂಬಳಿಯನ್ನೂ ಸಂಗಡ ಕೊಡಲಾಗುವದು. ಹಣ ಕೊಡಬೇಕಾದದ್ದಿಲ್ಲ. ಒಳ್ಳೆಯ ಬಟ್ಟೆ ಉಟ್ಟುಕೊಂಡು ಬರಬೇಡಿರಿ.